ನಾದುವ ಕೈ, ರುಬ್ಬುವ ಯಂತ್ರ

ಚಪಾತಿ ಹಿಟ್ಟು ನಾದಿ ನಾದಿ ಅಮ್ಮನ ಮಣಿಕಟ್ಟು ನೋಯತೊಡಗಿದಾಗ, ಪುಣೆಯ ನಮ್ಮ ಪುಟ್ಟ ಅಡುಗೆಮನೆಗೆ ಸ್ಟ್ಯಾಂಡ್ ಮಿಕ್ಸರ್ ತರೋಣವೆಂದೆ. "ಮನೇಲಿ ಮಿಕ್ಸಿ ಇದೆಯಲ್ಲೋ, ಇನ್ನೊಂದು ಯಾಕೆ?" ಅಂದಳು.

ಉತ್ತರ ಹುಡುಕುತ್ತಾ ಚರಿತ್ರೆಗೆ ಇಳಿದೆ. ಅಮೆರಿಕದ ಹೋಬಾರ್ಟ್ ಕಂಪನಿಯ ಎಂಜಿನಿಯರ್ ಹರ್ಬರ್ಟ್ ಜಾನ್‌ಸ್ಟನ್, 1908ರಲ್ಲಿ ಬೇಕರಿಯವನೊಬ್ಬ ಚಮಚದಿಂದ ಹಿಟ್ಟು ಕಲಸುತ್ತಾ ದಣಿಯುವುದನ್ನು ಕಂಡು ಯಂತ್ರದ ಯೋಚನೆ ಮಾಡಿದರಂತೆ. ಮನೆಗಳಿಗೆಂದು 1919ರಲ್ಲಿ ಕಿಚನ್‌ಏಡ್ ಬಂತು. ತೂಕ ಸುಮಾರು 30 ಕಿಲೋ! ಅದರಲ್ಲಿ ಬಟ್ಟಲು ಅಲುಗದು. ಕಲಸುವ ಕಡ್ಡಿಯೇ ಗ್ರಹದಂತೆ ತನ್ನ ಸುತ್ತ ತಿರುಗುತ್ತಾ ಬಟ್ಟಲನ್ನೂ ಸುತ್ತುತ್ತದೆ.

ನಮ್ಮ ಮಿಕ್ಸಿಯ ಕಥೆ ಬೇರೆ. 1960ರ ದಶಕದಲ್ಲಿ ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ ಮಾಥುರ್, ಹೆಂಡತಿಯ ವಿದೇಶಿ ಮಿಕ್ಸರ್ ಕೆಟ್ಟಾಗ ಗಟ್ಟಿ ಮೋಟಾರಿನ 'ಸುಮೀತ್' ರೂಪಿಸಿದರು. ಅಲ್ಲಿನ ಕಷ್ಟ ಕಲಸುವುದು. ಇಲ್ಲಿನದು ನೆನೆದ ಉದ್ದು, ತೆಂಗಿನಕಾಯಿ ರುಬ್ಬುವುದು. ಒಂದು ನಿಧಾನದ ಬಲ, ಇನ್ನೊಂದು ವೇಗದ ಅಲಗು. ಒಂದರ ಕೆಲಸ ಇನ್ನೊಂದಕ್ಕೆ ಒಗ್ಗದು.

ಹಾಗಾಗಿ ಬಣ್ಣ, ಜಾರುಗಳ ಲೆಕ್ಕ ಬಿಟ್ಟು, ನಾದುವ ಕೊಕ್ಕೆ ಮತ್ತು ಕಡಿಮೆ ವೇಗದಲ್ಲೂ ಸೋಲದ ಮೋಟಾರು ನೋಡಿ ಆರಿಸಿದೆ. ಆ ಇಬ್ಬರೂ ಎಂಜಿನಿಯರರು ಅಡುಗೆಯ ಕಷ್ಟವನ್ನು ಕಣ್ಣಾರೆ ಕಂಡವರು. ಅಮ್ಮನ ಕೈ ನೋಡಲು ನನಗೆ ಮಾತ್ರ ಇಷ್ಟು ವರ್ಷ ಹಿಡಿಯಿತು.