ಲಿಫ್ಟಿನ ಗುಂಡಿ ನೋಡಿ ಅದು ಓಟಿಸ್ ಎಂದು ಹೇಳಬಹುದೇ?

ಹಾರ್ನ್ ಕೇಳಿಯೇ ಬರುತ್ತಿರುವುದು ಯಾವ ಬಸ್ಸು ಎಂದು ಹೇಳುವವರು, ಹಿಂದಿನ ದೀಪ ನೋಡಿಯೇ ಕಾರಿನ ಮಾಡೆಲ್ ಹೇಳುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಲಿಫ್ಟಿನ ಗುಂಡಿ ನೋಡಿ ಅದು ಯಾವ ಕಂಪನಿಯದು, ಯಾವ ದಶಕದ್ದು ಎಂದು ಹೇಳುವವರೂ ಇದ್ದಾರೆ. ಲಿಫ್ಟ್ ಹತ್ತಿ ಇಳಿಯುವ ವಿಡಿಯೋಗಳನ್ನೇ ಹಾಕುವ ಚಾನೆಲ್ಲುಗಳು ಯೂಟ್ಯೂಬಿನಲ್ಲಿ ಸಾಕಷ್ಟಿವೆ. ಅವುಗಳಲ್ಲಿ ಬಾಗಿಲು ತೆರೆದ ಕೂಡಲೇ ಕ್ಯಾಮೆರಾ ತಿರುಗುವುದು ಗುಂಡಿಗಳ ಕಡೆಗೆ ಮತ್ತು ಮಹಡಿ ತೋರಿಸುವ ಸೂಚಕದ ಕಡೆಗೆ.

ಈ ಗುರುತಿಸುವಿಕೆ ಎಷ್ಟು ನಂಬಿಕೆಗೆ ಅರ್ಹ? ಅರ್ಧದಷ್ಟು ಎನ್ನಬೇಕು. ಗುಂಡಿ ತನ್ನ ಕಾಲವನ್ನು ಚೆನ್ನಾಗಿ ಹೇಳುತ್ತದೆ, ತನ್ನ ಕಂಪನಿಯನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಹವ್ಯಾಸಕ್ಕಾದರೆ ಈ ವ್ಯತ್ಯಾಸ ದೊಡ್ಡದಲ್ಲ. ಆದರೆ ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತಾಗ ಯಾರಿಗೆ ಫೋನ್ ಮಾಡಬೇಕು, ಅಪಾರ್ಟ್‌ಮೆಂಟಿನ ಹಳೆಯ ಲಿಫ್ಟಿಗೆ ಯಾರ ಬಿಡಿಭಾಗ ತರಿಸಬೇಕು ಎಂಬ ಪ್ರಶ್ನೆ ಬಂದಾಗ ಅದು ದೊಡ್ಡದೇ. ಬಹಳ ಹಳೆಯ ಮತ್ತು ಬಹಳ ಕಡೆ ಕಾಣಸಿಗುವ ಓಟಿಸ್ ಕಂಪನಿಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ನೋಡೋಣ.

ಎಲಿಷಾ ಓಟಿಸ್ ಈ ಕಂಪನಿಯನ್ನು ಅಮೆರಿಕದಲ್ಲಿ ಪ್ರಾರಂಭಿಸಿದ್ದು 1853ರಲ್ಲಿ. ಹಗ್ಗ ತುಂಡಾದರೂ ಕೆಳಗೆ ಬೀಳದ ಲಿಫ್ಟ್ ಆತನ ಕೊಡುಗೆ. 1857ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯ ಹಾವೌಟ್ ಕಟ್ಟಡದಲ್ಲಿ ಅದರ ಮೊದಲ ಪ್ರಯಾಣಿಕರ ಲಿಫ್ಟ್ ಓಡಿತು. ಭಾರತದಲ್ಲಿ ತನ್ನ ಮೊದಲ ಲಿಫ್ಟನ್ನು 1892ರಲ್ಲಿ ಕೋಲ್ಕತ್ತದ ರಾಜಭವನದಲ್ಲಿ ಅಳವಡಿಸಿದ್ದಾಗಿ ಕಂಪನಿ ಹೇಳಿಕೊಳ್ಳುತ್ತದೆ. ಆ ಕಾಲದ ಲಿಫ್ಟುಗಳಲ್ಲಿ ಪ್ರಯಾಣಿಕರು ಒತ್ತುವ ಗುಂಡಿಗಳ ಸಾಲು ಇರುತ್ತಿರಲಿಲ್ಲ. ಹಿಡಿಕೆ ತಿರುಗಿಸಿ ಲಿಫ್ಟ್ ನಡೆಸಲು ಒಬ್ಬ ಆಪರೇಟರ್ ಇರುತ್ತಿದ್ದ. ಬಾಗಿಲ ಮೇಲಿನ ಅರ್ಧಚಂದ್ರಾಕಾರದ ಹಿತ್ತಾಳೆ ಫಲಕದಲ್ಲಿ ಗಡಿಯಾರದಂಥ ಮುಳ್ಳೊಂದು ಮಹಡಿ ತೋರಿಸುತ್ತಿತ್ತು. ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಕಾಣುವ ಈ ಮುಳ್ಳನ್ನು ಹಲವರು ಓಟಿಸ್‌ನ ಗುರುತು ಎಂದುಕೊಳ್ಳುತ್ತಾರೆ. ಅದು ಕಾಲದ ಗುರುತು ಮಾತ್ರ, ಆಗಿನ ಎಲ್ಲ ದೊಡ್ಡ ಕಂಪನಿಗಳೂ ಅದನ್ನು ಬಳಸುತ್ತಿದ್ದವು.

ಒತ್ತದೆಯೇ ಕೆಲಸ ಮಾಡಿದ ಗುಂಡಿ

ಗುಂಡಿಯ ವಿನ್ಯಾಸಕ್ಕೆ ನಿಜವಾದ ಮಹತ್ವ ಬಂದದ್ದು ಆಪರೇಟರ್ ಇಲ್ಲದಾದ ಮೇಲೆ. 1945ರಲ್ಲಿ ನ್ಯೂಯಾರ್ಕಿನ ಲಿಫ್ಟ್ ಆಪರೇಟರುಗಳು ಮುಷ್ಕರ ಹೂಡಿದಾಗ ಎತ್ತರದ ಕಟ್ಟಡಗಳ ಕೆಲಸವೇ ನಿಂತುಹೋಗಿತ್ತು. 1950ರಲ್ಲಿ ಡಲ್ಲಾಸ್‌ನ ಅಟ್ಲಾಂಟಿಕ್ ರಿಫೈನಿಂಗ್ ಕಟ್ಟಡದಲ್ಲಿ ಓಟಿಸ್ ತನ್ನ ‘ಆಟೋಟ್ರಾನಿಕ್’ ವ್ಯವಸ್ಥೆಯನ್ನು ಅಳವಡಿಸಿತು. ಇನ್ನು ಮುಂದೆ ಪ್ರಯಾಣಿಕರೇ ಲಿಫ್ಟ್ ನಡೆಸಬೇಕು, ಹಾಗಾಗಿ ಗುಂಡಿ ಯಾರಿಗೂ ಭಯ ಹುಟ್ಟಿಸದಂತಿರಬೇಕು.

ಆ ಕಾಲದ ಓಟಿಸ್ ಲಿಫ್ಟುಗಳಲ್ಲಿ ಬಂದ ಸ್ಪರ್ಶಗುಂಡಿ ನನ್ನ ಪ್ರಕಾರ ಲಿಫ್ಟಿನ ಇತಿಹಾಸದಲ್ಲೇ ಅತ್ಯಂತ ಜಾಣ ಗುಂಡಿ. ಅದು ಒಳಗೆ ಹೋಗುವುದೇ ಇಲ್ಲ. ಬೆರಳು ತಾಗಿದರೆ ಸಾಕು, ಬೆಳಗುತ್ತದೆ. ಅದರ ಹಿಂದೆ ಸಣ್ಣದೊಂದು ಅನಿಲ ತುಂಬಿದ ಗಾಜಿನ ಟ್ಯೂಬ್ ಇರುತ್ತದೆ. ನಿಯಾನ್ ದೀಪದ ಸಂಬಂಧಿ ಎನ್ನಬಹುದು. ಅದಕ್ಕೆ ಸದಾ ಒಂದಿಷ್ಟು ವೋಲ್ಟೇಜ್ ಕೊಟ್ಟಿರುತ್ತಾರೆ, ಆದರೆ ಹೊತ್ತಿಕೊಳ್ಳಲು ಬೇಕಾದಷ್ಟಲ್ಲ. ನಮ್ಮ ದೇಹ ವಿದ್ಯುದಾವೇಶವನ್ನು ಸ್ವಲ್ಪಮಟ್ಟಿಗೆ ಹಿಡಿದಿಡುವ ಗುಣ ಹೊಂದಿದೆ, ನಾವು ನೆಲದ ಮೇಲೂ ನಿಂತಿರುತ್ತೇವೆ. ಬೆರಳು ತಾಗಿದಾಗ ಅತಿ ಸಣ್ಣ ಪ್ರಮಾಣದ ವಿದ್ಯುತ್ ನಮ್ಮ ಮೂಲಕ ಹರಿದು ಆ ಕೊರತೆಯನ್ನು ತುಂಬುತ್ತದೆ. ಟ್ಯೂಬಿನೊಳಗಿನ ಅನಿಲ ಹೊತ್ತಿಕೊಳ್ಳುತ್ತದೆ. ನಮಗೆ ಶಾಕ್ ಹೊಡೆದ ಅನುಭವವೂ ಆಗುವುದಿಲ್ಲ.

ಒಮ್ಮೆ ಹೊತ್ತಿಕೊಂಡ ಅನಿಲ ಬೆರಳು ತೆಗೆದರೂ ಆರುವುದಿಲ್ಲ ಎಂಬುದು ಇದರ ಸೊಗಸು. ಲಿಫ್ಟ್ ಆ ಮಹಡಿಗೆ ಬಂದು ವಿದ್ಯುತ್ ಕಡಿದಾಗ ಮಾತ್ರ ಆರುತ್ತದೆ. ಅಂದರೆ ಸ್ಪರ್ಶವನ್ನು ಗ್ರಹಿಸುವುದು, ಕರೆಯನ್ನು ನೆನಪಿಟ್ಟುಕೊಳ್ಳುವುದು, ನಿಮ್ಮ ಕರೆ ದಾಖಲಾಗಿದೆ ಎಂದು ಬೆಳಕಿನಿಂದ ತಿಳಿಸುವುದು, ಈ ಮೂರೂ ಕೆಲಸಗಳನ್ನು ಒಂದೇ ಟ್ಯೂಬ್ ಮಾಡುತ್ತಿತ್ತು. ಟ್ರಾನ್ಸಿಸ್ಟರ್ ಇನ್ನೂ ಪ್ರಯೋಗಾಲಯದಿಂದ ಸರಿಯಾಗಿ ಹೊರಬಾರದಿದ್ದ ಕಾಲ ಅದು. ಗುಂಡಿಯನ್ನು ಮತ್ತೆ ಮತ್ತೆ ಒತ್ತಿದರೆ ಲಿಫ್ಟ್ ಬೇಗ ಬರುತ್ತದೆ ಎಂಬ ನಂಬಿಕೆ ಏಕೆ ಸುಳ್ಳು ಎನ್ನುವುದಕ್ಕೂ ಇಲ್ಲೇ ಉತ್ತರವಿದೆ. ದೀಪ ಹೊತ್ತಿದ ಮೇಲೆ ನೆನಪಿಟ್ಟುಕೊಳ್ಳಲು ಇನ್ನೇನೂ ಉಳಿದಿರುವುದಿಲ್ಲ. ಕೆಲವು ಹೊಸ ಲಿಫ್ಟುಗಳ ಒಳಗೆ ಎರಡನೇ ಸಲ ಒತ್ತಿದರೆ ಮಹಡಿಯ ಆಯ್ಕೆ ರದ್ದಾಗುವುದೂ ಉಂಟು.

ಈ ಜಾಣತನಕ್ಕೆ ಒಂದು ಕೆಟ್ಟ ಮುಖವೂ ಇತ್ತು. ಬೆರಳಿಗೂ ಬಿಸಿಗೂ ವ್ಯತ್ಯಾಸ ಗೊತ್ತಿಲ್ಲದ ಗುಂಡಿ, ಬೆಂಕಿ ಬಿದ್ದ ಮಹಡಿಯಲ್ಲಿ ಯಾರೂ ಮುಟ್ಟದಿದ್ದರೂ ಕರೆ ದಾಖಲಿಸಿಬಿಡಬಹುದು. ಆಗ ಲಿಫ್ಟ್ ನೇರವಾಗಿ ಬೆಂಕಿಯಿದ್ದಲ್ಲಿಗೇ ಹೋಗಿ ಬಾಗಿಲು ತೆರೆಯುತ್ತದೆ. ಬಾಗಿಲಿಗೆ ಯಾರಾದರೂ ಅಡ್ಡ ಇದ್ದಾರೆಯೇ ಎಂದು ನೋಡುವ ಬೆಳಕಿನ ಕಿರಣವನ್ನು ಹೊಗೆ ತಡೆದರೆ, ಯಾರೋ ಅಡ್ಡ ನಿಂತಿದ್ದಾರೆ ಎಂದುಕೊಂಡು ಬಾಗಿಲು ಮುಚ್ಚಿಕೊಳ್ಳುವುದೂ ಇಲ್ಲ.

1970ರ ಆಗಸ್ಟ್ 5ರಂದು ನ್ಯೂಯಾರ್ಕಿನ 50 ಅಂತಸ್ತಿನ ‘ಒನ್ ನ್ಯೂಯಾರ್ಕ್ ಪ್ಲಾಜಾ’ ಕಟ್ಟಡದಲ್ಲಿ ಬೆಂಕಿ ಹೊತ್ತಿಕೊಂಡಾಗ ಇಬ್ಬರು ಸತ್ತರು. ಅವರಿದ್ದ ಲಿಫ್ಟ್ ಬೆಂಕಿಯಿದ್ದ ಮಹಡಿಯಲ್ಲಿ ನಿಂತುಬಿಟ್ಟಿತ್ತು. ಬೆಂಕಿಯ ಸಮಯದಲ್ಲಿ ಲಿಫ್ಟ್ ಹೇಗೆ ವರ್ತಿಸಬೇಕು ಎಂಬ ಚರ್ಚೆಯಲ್ಲಿ ಈ ಘಟನೆ ಇಂದಿಗೂ ಬರುತ್ತದೆ. ಸ್ಪರ್ಶಗುಂಡಿಗಳನ್ನು ಆಗ ಓಟಿಸ್ ಮಾತ್ರವಲ್ಲ, ವೆಸ್ಟಿಂಗ್‌ಹೌಸ್‌ನಂತಹ ಕಂಪನಿಗಳೂ ತಯಾರಿಸುತ್ತಿದ್ದವು. ಹಾಗಾಗಿ ಇದನ್ನು ಒಂದು ಕಂಪನಿಯ ದೋಷವೆಂದು ನೋಡದೆ ಒಂದು ತಂತ್ರದ ಮಿತಿ ಎಂದು ನೋಡುವುದು ಸರಿ. ಶಾಖ, ಜ್ವಾಲೆ ಅಥವಾ ಹೊಗೆಯಿಂದ ತಾನಾಗಿ ಚಾಲೂ ಆಗುವ ಗುಂಡಿಗಳನ್ನು ಬಳಸಬಾರದು ಎಂಬ ನಿಯಮ ಅಮೆರಿಕದ ಲಿಫ್ಟ್ ಸುರಕ್ಷತಾ ಸಂಹಿತೆಯಲ್ಲಿ ಸೇರಿತು. ಬೆಂಕಿಯ ಸೂಚನೆ ಸಿಕ್ಕ ಕೂಡಲೇ ಎಲ್ಲ ಕರೆಗಳನ್ನೂ ಬಿಟ್ಟು ಗೊತ್ತುಪಡಿಸಿದ ಮಹಡಿಗೆ ಮರಳುವ ವ್ಯವಸ್ಥೆಯೂ ಬಂತು. ನಮ್ಮಲ್ಲಿ ನೆಲಮಹಡಿಯ ಲಿಫ್ಟಿನ ಪಕ್ಕ ಗಾಜಿನ ಹಿಂದೆ ಇರುವ ‘ಫೈರ್‌ಮನ್ ಸ್ವಿಚ್’ ಮಾಡುವುದು ಇದೇ ಬಗೆಯ ಕೆಲಸವನ್ನು. ಇಂದಿನ ಗಾಜಿನ ಸ್ಪರ್ಶ ಫಲಕಗಳು ಬೆರಳನ್ನು ಗುರುತಿಸಲು ಪ್ರೊಸೆಸರ್ ಬಳಸುತ್ತವೆ, ಆ ಹಳೆಯ ಟ್ಯೂಬಿಗೂ ಅವಕ್ಕೂ ಸಂಬಂಧವಿಲ್ಲ.

ಆದ್ದರಿಂದ ಹಳೆಯ ಕಟ್ಟಡವೊಂದರಲ್ಲಿ ಚಲಿಸದ, ತಾಗಿದರೆ ಬೆಳಗುವ, ಪ್ಲಾಸ್ಟಿಕ್ ಪೆನ್ನಿನ ತುದಿಯಿಂದ ಒತ್ತಿದರೆ ಜಪ್ಪಯ್ಯ ಎನ್ನದ ಗುಂಡಿ ಕಂಡರೆ, ಅದು 1950ರಿಂದ 1970ರ ದಶಕದ ನಡುವಿನದು ಎಂದು ಊಹಿಸಬಹುದು. ಈಗ ಅವು ಅಪರೂಪ.

ಆಮೇಲಿನವು

ಓಟಿಸ್ ಮತ್ತೆ ಒತ್ತುವ ಗುಂಡಿಗೆ ಮರಳಿತು. 1970-80ರ ದಶಕಗಳ ಓಟಿಸ್ ಗುಂಡಿಗಳ ಒಂದು ಬಗೆಯನ್ನು ಲಿಫ್ಟ್ ಹವ್ಯಾಸಿಗಳು ‘ಲೆಕ್ಸಾನ್’ ಎಂದು ಕರೆಯುತ್ತಾರೆ. ಲೆಕ್ಸಾನ್ ಎನ್ನುವುದು ಪಾಲಿಕಾರ್ಬನೇಟ್ ಪ್ಲಾಸ್ಟಿಕ್ಕಿನ ಒಂದು ವ್ಯಾಪಾರಿ ಹೆಸರು. ಬೆಳಕು ದಾಟಿಸುವ, ಆದರೆ ಕೀಲಿಕೈಯಿಂದ ಕುಟ್ಟಿದರೂ ಸುಲಭಕ್ಕೆ ಒಡೆಯದ ವಸ್ತು ಅದು. 1979ರಲ್ಲಿ ಕಂಪನಿಯ ‘ಎಲಿವಾನಿಕ್ 101’ ಬಂದಾಗ ನಿಯಂತ್ರಣ ಪೂರ್ತಿಯಾಗಿ ಮೈಕ್ರೋಪ್ರೊಸೆಸರಿನ ಕೈಗೆ ಹೋಯಿತು. ಮಹಡಿಯ ಸಂಖ್ಯೆಗಳನ್ನು ಸಾಲಾಗಿ ಬರೆದು ಒಂದೊಂದರ ಹಿಂದೆ ಒಂದೊಂದು ಬಲ್ಬು ಹಾಕುವ ಸೂಚಕಗಳ ಜಾಗಕ್ಕೆ ಗೆರೆಗೆರೆಯ ಡಿಜಿಟಲ್ ಅಂಕಿಗಳು ಬಂದವು, ನಂತರ ಚುಕ್ಕೆ ಚುಕ್ಕೆಯ ಡಾಟ್ ಮ್ಯಾಟ್ರಿಕ್ಸ್, ಈಗ ಎಲ್‌ಸಿಡಿ ಪರದೆ. ಈ ಕ್ರಮ ಕೂಡ ಎಲ್ಲ ಕಂಪನಿಗಳಲ್ಲೂ ಹೆಚ್ಚುಕಡಿಮೆ ಒಂದೇ.

2000ದಲ್ಲಿ ಬಂದ ‘ಜೆನ್2’ ಇನ್ನೊಂದು ಘಟ್ಟ. ಉಕ್ಕಿನ ಹಗ್ಗದ ಬದಲು ಪಾಲಿಯುರೆಥೇನ್ ಹೊದಿಸಿದ ಚಪ್ಪಟೆ ಬೆಲ್ಟ್ ಬಳಸುವ ಈ ಲಿಫ್ಟಿನ ನಿಜವಾದ ಗುರುತು ಆ ಬೆಲ್ಟೇ. ಅದು ಇರುವುದು ಲಿಫ್ಟಿನ ಬಾವಿಯೊಳಗೆ, ಇಣುಕಿ ನೋಡುವ ಸಾಹಸ ಬೇಡ. ‘ಮೇಲೆ ಮಷಿನ್ ರೂಮ್ ಇಲ್ಲ, ಹಾಗಾಗಿ ಇದು ಜೆನ್2’ ಎನ್ನುವ ವಾದವೂ ನಿಲ್ಲುವುದಿಲ್ಲ. ಕೋನೆ ಕಂಪನಿ 1996ರಲ್ಲೇ ಮಷಿನ್ ರೂಮ್ ಬೇಡದ ಲಿಫ್ಟ್ ತಂದಿತ್ತು. ದೊಡ್ಡ ಕಚೇರಿಗಳಲ್ಲಿ ಹೊರಗೇ ಮಹಡಿಯ ಸಂಖ್ಯೆ ಒತ್ತಿಸಿಕೊಂಡು ‘ನೀವು ಎ ಲಿಫ್ಟಿಗೆ ಹೋಗಿ’ ಎಂದು ತೋರಿಸುವ ವ್ಯವಸ್ಥೆಯೂ ಅಷ್ಟೇ. ಓಟಿಸ್‌ನದಕ್ಕೆ ‘ಕಂಪಾಸ್’ ಎಂದು ಹೆಸರು, ಷಿಂಡ್ಲರ್ ಅದಕ್ಕೂ ಮೊದಲು 1990ರ ದಶಕದಲ್ಲಿಯೇ ಇಂಥದ್ದನ್ನು ತಂದಿತ್ತು.

ಗುಂಡಿ ಏಕೆ ದಾರಿ ತಪ್ಪಿಸುತ್ತದೆ?

ಗುಂಡಿಯ ರೂಪದಲ್ಲಿ ಸಾಕಷ್ಟು ಭಾಗ ಕಂಪನಿಯ ಅಭಿರುಚಿಯಲ್ಲ, ಕಾನೂನಿನ ಅಪ್ಪಣೆ. ಅಮೆರಿಕದ ಲಿಫ್ಟುಗಳಲ್ಲಿ ಒಂದು ಅಂಕಿಯ ಪಕ್ಕ ನಕ್ಷತ್ರ ಕಂಡರೆ, ಕಟ್ಟಡದಿಂದ ಹೊರಹೋಗುವ ಮುಖ್ಯ ಮಹಡಿ ಅದು ಎಂದರ್ಥ. ಯುರೋಪಿನ ಮಾನದಂಡ ಪಾಲಿಸುವ ಲಿಫ್ಟುಗಳಲ್ಲಿ ಅದೇ ಮಹಡಿಯ ಗುಂಡಿ ಉಳಿದವುಗಳಿಗಿಂತ ಸುಮಾರು 5 ಮಿಲಿಮೀಟರ್ ಹೊರಚಾಚಿರುತ್ತದೆ, ಸಾಮಾನ್ಯವಾಗಿ ಹಸಿರು ಅಂಚಿರುತ್ತದೆ. ಕಣ್ಣು ಕಾಣದವರು ಬೆರಳಿನಿಂದಲೇ ಅದನ್ನು ಹುಡುಕಿಕೊಳ್ಳಲಿ ಎಂದು ಈ ಏರ್ಪಾಡು. ಬ್ರೈಲ್ ಚುಕ್ಕೆ, ಉಬ್ಬು ಅಂಕಿಗಳೂ ಹೀಗೆಯೇ. ಇವನ್ನು ನೋಡಿ ದೇಶ ಊಹಿಸಬಹುದು, ಕಂಪನಿಯನ್ನಲ್ಲ.

ಗುಂಡಿಗಳನ್ನಷ್ಟೇ ತಯಾರಿಸಿ ಲಿಫ್ಟ್ ಕಂಪನಿಗಳಿಗೆ ಮಾರುವವರೂ ಇದ್ದಾರೆ. 1919ರಲ್ಲಿ ಶುರುವಾದ ಬ್ರಿಟನ್ನಿನ ಡ್ಯೂಹರ್ಸ್ಟ್ ಅಂಥ ಒಂದು ಹೆಸರು. ಅದರ ದುಂಡು ಗುಂಡಿಗಳು ಹಲವು ಬೇರೆ ಬೇರೆ ಕಂಪನಿಗಳ ಲಿಫ್ಟುಗಳಲ್ಲಿ ಸಿಗುತ್ತವೆ. ಇನ್ನೊಂದು ಕಡೆ, ಓಟಿಸ್ ಬಳಸುವ ‘ಬಿಆರ್27’ ಸರಣಿಯ ಗುಂಡಿಗಳಂಥವನ್ನು ಬಿಡಿಭಾಗದ ವ್ಯಾಪಾರಿಗಳು ಬಿಡಿಯಾಗಿಯೇ ಮಾರುತ್ತಾರೆ. ಕೊಂಡವರು ಅದನ್ನು ಯಾವ ಪ್ಯಾನೆಲ್ಲಿಗೆ ಬೇಕಾದರೂ ಕೂರಿಸಬಹುದು. ಇದಕ್ಕಿಂತ ಹೆಚ್ಚು ಗೊಂದಲ ಮಾಡುವುದು ನವೀಕರಣ. ಮೋಟಾರು, ಹಳಿ ಹಳೆಯ ಕಂಪನಿಯವೇ ಉಳಿದು, ನಿಯಂತ್ರಣ ಪೆಟ್ಟಿಗೆ ಮತ್ತು ಗುಂಡಿ ಹೊಸ ಕಂಪನಿಯವಾಗಿರುತ್ತವೆ. ತಿರುಗುಮುರುಗಾಗಿ ಹಳೆಯ ಓಟಿಸ್ ಗುಂಡಿಗಳ ಹಿಂದೆ ಬೇರೆಯವರ ನಿಯಂತ್ರಣವೂ ಇರಬಹುದು.

ಹಾಗಾದರೆ ಎಲ್ಲಿ ನೋಡಬೇಕು? ಮೊದಲು ಕೆಳಗೆ. ಬಾಗಿಲು ಜಾರುವ ಲೋಹದ ಹೊಸ್ತಿಲಿನಲ್ಲಿ ಕಂಪನಿಯ ಹೆಸರು ಕೊರೆದಿರುವುದುಂಟು. ಗುಂಡಿ ಬದಲಿಸುವಷ್ಟು ಸುಲಭವಾಗಿ ಹೊಸ್ತಿಲನ್ನು ಯಾರೂ ಬದಲಿಸುವುದಿಲ್ಲ, ಹಾಗಾಗಿ ಲಿಫ್ಟನ್ನು ಮೊದಲು ಕಟ್ಟಿದವರು ಯಾರೆಂದು ತಿಳಿಯಲು ಅದು ಗುಂಡಿಗಿಂತ ಒಳ್ಳೆಯ ಸಾಕ್ಷಿ. ಆಮೇಲೆ ಲಿಫ್ಟಿನೊಳಗೆ ಎಷ್ಟು ಜನ, ಎಷ್ಟು ಕೆಜಿ ಎಂದು ಬರೆದಿರುವ ಫಲಕ.

ಆದರೆ ಕಟ್ಟಿದವರೂ ಈಗ ನೋಡಿಕೊಳ್ಳುತ್ತಿರುವವರೂ ಒಬ್ಬರೇ ಆಗಿರಬೇಕಿಲ್ಲ. ವಾರ್ಷಿಕ ನಿರ್ವಹಣೆಯ ಗುತ್ತಿಗೆ, ಅಂದರೆ ಎಎಂಸಿ, ಬೇರೆಯವರ ಕೈಯಲ್ಲಿದ್ದರೆ ಹೊಸ್ತಿಲಿನ ಹೆಸರು ಹುಡುಕಿ ಆ ಕಂಪನಿಗೆ ಕರೆ ಮಾಡುವುದರಲ್ಲಿ ಸಮಯ ಹಾಳಾಗುತ್ತದೆ, ಅಷ್ಟೇ. ಒಳಗೆ ಸಿಕ್ಕಿಕೊಂಡಾಗ ಒತ್ತಬೇಕಾದದ್ದು ಗಂಟೆಯ ಚಿತ್ರವಿರುವ ಗುಂಡಿ. ಓದಬೇಕಾದದ್ದು ಪ್ಯಾನೆಲ್ಲಿನ ಮೇಲೋ ಪಕ್ಕದಲ್ಲೋ ಅಂಟಿಸಿರುವ ತುರ್ತು ಸಂಖ್ಯೆ. ಬಾಗಿಲನ್ನು ಕೈಯಿಂದ ಬಿಡಿಸಿ ಹೊರಬರಲು ಹೋಗಬಾರದು, ಅರ್ಧದಲ್ಲಿ ನಿಂತ ಲಿಫ್ಟಿನ ಕೆಳಗೆ ತೆರೆದ ಬಾವಿ ಇರುತ್ತದೆ.

ಕರ್ನಾಟಕದಲ್ಲಿ ಲಿಫ್ಟುಗಳಿಗೆ 2012ರ ಪ್ರತ್ಯೇಕ ಕಾಯ್ದೆಯೊಂದಿದೆ, ಅದರ ಪ್ರಕಾರ ಪರವಾನಗಿ ಮತ್ತು ತಪಾಸಣೆಯ ಹೊಣೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯದು. ನಿಮ್ಮ ಕಟ್ಟಡದ ಲಿಫ್ಟ್ ಯಾರದು ಎಂಬ ಅನುಮಾನವಿದ್ದರೆ ಅಸೋಸಿಯೇಷನ್ನಿನ ಕಡತದಲ್ಲಿ ಪರವಾನಗಿಯ ಪ್ರತಿಯನ್ನೂ ಎಎಂಸಿಯ ಪ್ರತಿಯನ್ನೂ ಕೇಳಿ ನೋಡಿ. ತುರ್ತು ಸಂಖ್ಯೆಯ ಸ್ಟಿಕರ್ ಹಳೆಯ ಗುತ್ತಿಗೆದಾರರದ್ದೇ ಉಳಿದುಬಿಟ್ಟಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.