ಒಂದೇ ಹಳಿ, ಎರಡು ಇಂಜಿನ್: ಇಂಜಿನ್‌ಗೆ ಕಿವಿ ಬಂದ ಕಥೆ

1/9
ಕುಮಟಾದಿಂದ ಭಟ್ಕಳಕ್ಕೆ ರೈಲಲ್ಲಿ ಹೋದವರಿಗೆ ಗೊತ್ತು, ಹೊನ್ನಾವರ ದಾಟಿದ ಕೂಡಲೇ ಎಲ್ಲರೂ ಕಿಟಕಿ ಕಡೆ ತಿರುಗ್ತಾರೆ. ಕೆಳಗೆ ಶರಾವತಿ. ಹೊನ್ನಾವರ ಮತ್ತು ಮಂಕಿ ಸ್ಟೇಷನ್ ನಡುವಿನ ಈ ಸೇತುವೆ 2065.8 ಮೀಟರ್ ಉದ್ದ, ಇಡೀ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಆದರೆ ಮೇಲೆ ಹಳಿ ಒಂದೇ ಜೋಡಿ. ಮಂಗಳೂರಿಂದ ಬರೋದೂ ಅದರ ಮೇಲೆ, ಮುಂಬೈಯಿಂದ ಬರೋದೂ ಅದರ ಮೇಲೆ.

ಈಗ ಪ್ರಶ್ನೆ: ಒಂದೇ ಹಳಿ ಮೇಲೆ ಎರಡು ಇಂಜಿನ್ ಇದ್ದರೆ ಯಾವುದಕ್ಕೆ ‘ಹೋಗು’, ಯಾವುದಕ್ಕೆ ‘ನಿಲ್ಲು’ ಅಂತ ಹೇಗೆ ಹೇಳೋದು?

ದೊಡ್ಡ ರೈಲಿನವರಿಗೂ ಇದೇ ತಲೆಬಿಸಿ, ಮಾಡೆಲ್ ರೈಲಿನವರಿಗೂ ಇದೇ ತಲೆಬಿಸಿ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ನಡೆದು ಕೊನೆಗೆ ಒಂದೇ ಜಾಗಕ್ಕೆ ಬಂದರು: ಇಂಜಿನ್ ಒಳಗೆ ಕೂರುವ ಒಂದು ಸಣ್ಣ ಪೆಟ್ಟಿಗೆ. ಇವತ್ತು ಎರಡೂ ಕಥೆ ಒಟ್ಟಿಗೆ ಹೇಳ್ತೇನೆ. ಉದ್ದ ಉಂಟು, ಸೇವ್ ಮಾಡಿಟ್ಟು ಓದಿ.

2/9
ಮೊದಲು ದೊಡ್ಡ ರೈಲು.

ನಮ್ಮ ಕರಾವಳಿಗೆ ರೈಲು ಬಂದದ್ದು ತೀರಾ ತಡ. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಶುರುವಾಯ್ತು. ಆಗ ರೈಲ್ವೆ ಮಂತ್ರಿ ಮಂಗಳೂರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ನಿಗಮದ ಮುಖ್ಯಸ್ಥರು ಇ. ಶ್ರೀಧರನ್. 1998ರ ಜನವರಿ 26ರಿಂದ ಪೂರ್ತಿ ದಾರಿ ತೆರೆಯಿತು. ನಮ್ಮದೇ ಜಿಲ್ಲೆಯ ಘಟ್ಟದ ಮೇಲೆ, ಕ್ಯಾಸಲ್‌ರಾಕ್‌ನಲ್ಲಿ, ಮೀಟರ್ ಗೇಜ್ ರೈಲು 1880ರ ದಶಕದಲ್ಲೇ ಓಡಾಡ್ತಿತ್ತು ಅನ್ನೋದು ನೆನಪಿರಲಿ.

ಸಿಂಗಲ್ ಲೈನ್‌ಗೆ ಹಳೇ ಕಾಲದ ಉಪಾಯ ಟೋಕನ್. ಒಂದು ಉಕ್ಕಿನ ಚೆಂಡು, ಅದನ್ನು ಚೀಲಕ್ಕೆ ಹಾಕಿ, ಚೀಲವನ್ನು ಬೆತ್ತದ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಕೊಡ್ತಿದ್ದರು. ಎರಡು ಸ್ಟೇಷನ್‌ಗಳ ಯಂತ್ರಗಳು ತಂತಿಯಿಂದ ಜೋಡಿಸಿರ್ತವೆ. ಒಂದರಿಂದ ಚೆಂಡು ಹೊರಗೆ ಬಂದರೆ ಇನ್ನೊಂದು ಲಾಕ್. ಚೆಂಡು ಕೈಯಲ್ಲಿ ಇಲ್ಲದೆ ಇಂಜಿನ್ ಹೊರಡೋ ಹಾಗಿಲ್ಲ. ಆಮೇಲೆ ಟೋಕನ್ ಇಲ್ಲದೆ ಸಿಗ್ನಲ್ ಮೂಲಕವೇ ನಡೆಯುವ ವ್ಯವಸ್ಥೆ ಬಂತು. ಆದರೆ ಹಿಂದಿನ ಯೋಚನೆ ಬದಲಾಗಲಿಲ್ಲ: ಅನುಮತಿ ಸಿಗೋದು ಹಳಿಯ ತುಂಡಿಗೆ. ಇಂಜಿನ್‌ಗೆ ನೇರವಾಗಿ ಯಾರೂ ಏನೂ ಹೇಳೋದಿಲ್ಲ. ಡ್ರೈವರ್ ಸಿಗ್ನಲ್ ನೋಡಲಿಲ್ಲ ಅಂದ್ರೆ ಇಂಜಿನ್‌ಗೆ ಏನೂ ಗೊತ್ತಾಗೋದಿಲ್ಲ.

3/9
ಈಗ ಮಾಡೆಲ್ ರೈಲು.

ಹಳೇ ಮಾಡೆಲ್‌ನಲ್ಲಿ ಹಳಿಯೇ ವಯರ್. ಎರಡು ಹಳಿಗೆ ಡಿಸಿ ಕರೆಂಟ್ ಕೊಟ್ಟರೆ ಚಕ್ರದ ಮೂಲಕ ಮೋಟರ್‌ಗೆ ಹೋಗ್ತದೆ. ವೋಲ್ಟೇಜ್ ಏರಿಸಿದರೆ ವೇಗ, ಪ್ಲಸ್ ಮೈನಸ್ ತಿರುಗಿಸಿದರೆ ಹಿಂದಕ್ಕೆ. ಸರಳ, ಅಲ್ದಾ? ಆದರೆ ಅದೇ ಹಳಿಗೆ ಎರಡನೇ ಇಂಜಿನ್ ಇಟ್ಟು ನೋಡಿ. ಎರಡೂ ಒಟ್ಟಿಗೆ ಹೊರಡ್ತವೆ, ಒಟ್ಟಿಗೆ ನಿಲ್ತವೆ. ಒಂದನ್ನು ಸ್ಟೇಷನ್‌ನಲ್ಲಿ ನಿಲ್ಲಿಸಿ ಇನ್ನೊಂದನ್ನು ಕ್ರಾಸಿಂಗ್‌ಗೆ ತರಬೇಕಂದ್ರೆ ಹಳಿಯನ್ನು ತುಂಡು ತುಂಡು ಮಾಡಿ ಪ್ರತಿ ತುಂಡಿಗೆ ಬೇರೆ ಸ್ವಿಚ್ ಹಾಕಬೇಕು. ದೊಡ್ಡ ಲೇಔಟ್ ಆದರೆ ಮೇಜಿನ ಕೆಳಗೆ ವಯರಿನ ಕಾಡು.

ಗಮನಿಸಿ, ಇದೂ ಟೋಕನ್ ಲೆಕ್ಕವೇ. ಅಧಿಕಾರ ಎಲ್ಲ ಹಳಿಯ ತುಂಡಿಗೆ.

4/9
ಇದನ್ನು ತಲೆಕೆಳಗು ಮಾಡುವ ಯೋಚನೆ 1960ರ ದಶಕದಲ್ಲೇ ಬಂತು. ಹಳಿಗೆ ಯಾವಾಗಲೂ ಪೂರ್ತಿ ಕರೆಂಟ್ ಇರಲಿ, ಆದೇಶ ಮಾತ್ರ ಬೇರೆ ಬೇರೆ ಇಂಜಿನ್‌ಗೆ ಬೇರೆ ಬೇರೆಯಾಗಿ ಹೋಗಲಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ‘ಆಸ್ಟ್ರಾಕ್’ ಅನ್ನೋ ವ್ಯವಸ್ಥೆ ಮಾಡಿತು. ಐದು ಇಂಜಿನ್, ಐದು ಫ್ರೀಕ್ವೆನ್ಸಿ. ದುಬಾರಿ, ದೊಡ್ಡ ಗಾತ್ರ. ಹೆಚ್ಚು ನಡೆಯಲಿಲ್ಲ.

1979ರಲ್ಲಿ ಬ್ರಿಟನ್ನಿನ ಹಾರ್ನ್‌ಬಿ ಕಂಪನಿ ‘ಝೀರೋ ವನ್’ ತಂದಿತು. ಒಳಗೆ ಮೈಕ್ರೋಪ್ರೊಸೆಸರ್, 16 ಇಂಜಿನ್‌ಗೆ 16 ನಂಬರ್. 1980ರ ದಶಕದಲ್ಲಿ ಜರ್ಮನಿಯ ಬರ್ನ್ಡ್ ಲೆನ್ಜ್ ಅವರ ಕಂಪನಿ ಇನ್ನೊಂದು ಪದ್ಧತಿ ಕಟ್ಟಿತು. ಆದರೆ ಒಂದು ಕಂಪನಿಯ ಪೆಟ್ಟಿಗೆ ಇನ್ನೊಂದು ಕಂಪನಿಯ ಭಾಷೆ ಕೇಳ್ತಿರಲಿಲ್ಲ. ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ, ಲೆನ್ಜ್ ಪದ್ಧತಿಯನ್ನೇ ಆಧಾರ ಮಾಡಿಕೊಂಡು 1994ರಲ್ಲಿ ಎಲ್ಲರಿಗೂ ಒಂದೇ ಸ್ಟ್ಯಾಂಡರ್ಡ್ ಮಾಡಿತು. ಅದೇ ಡಿಸಿಸಿ, ಡಿಜಿಟಲ್ ಕಮಾಂಡ್ ಕಂಟ್ರೋಲ್. ಒಬ್ಬರ ಕಂಟ್ರೋಲರ್, ಇನ್ನೊಬ್ಬರ ಡಿಕೋಡರ್, ಆದರೂ ಮಾತು ನಡೀತದೆ. ಕಂಪನಿಗಳಲ್ಲ, ಓಡಿಸುವವರ ಸಂಘ ಕೂತು ಭಾಷೆ ಒಂದು ಮಾಡಿದ್ದು. ಈ ಮಾತು ಎಂಟನೇ ಭಾಗಕ್ಕೆ ಬೇಕಾಗ್ತದೆ, ನೆನಪಿಟ್ಕೊಳ್ಳಿ.

5/9
ಇಂಜಿನ್ ಏನು ಕೇಳ್ತದೆ?

ಹಳಿಯಲ್ಲಿ ಪ್ಲಸ್ ಮೈನಸ್ ಬೇಗ ಬೇಗ ಅದಲು ಬದಲಾಗ್ತಾ ಇರ್ತದೆ. ಪ್ರತಿ ಅರ್ಧಕ್ಕೆ 58 ಮೈಕ್ರೋಸೆಕೆಂಡ್ ಆದರೆ ಅದು ‘1’. 100 ಅಥವಾ ಹೆಚ್ಚು ಆದರೆ ‘0’. ಕರೆಂಟೂ ಅದೇ, ಮಾತೂ ಅದೇ.

ಒಂದು ಆದೇಶ ಹೀಗಿರ್ತದೆ:
ಅಡ್ರೆಸ್: 00000011 (3ನೇ ನಂಬರ್ ಇಂಜಿನ್)
ಆದೇಶ: 01110100 (ಮುಂದಕ್ಕೆ, ಇಷ್ಟು ವೇಗ)
ತಪಾಸಣೆ: 01110111

ಮೂರನೇ ಸಾಲು ಮೊದಲ ಎರಡರ ಎಕ್ಸ್‌ಆರ್. ಎರಡು ಬಿಟ್ ಒಂದೇ ಆದರೆ 0, ಬೇರೆ ಆದರೆ 1. ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ, ಸರಿ ಬರ್ತದೆ. ಹಳಿ ಕೊಳೆಯಾಗಿ ಒಂದು ಬಿಟ್ ತಪ್ಪಿದರೂ ಲೆಕ್ಕ ತಾಳೆಯಾಗೋದಿಲ್ಲ, ಇಂಜಿನ್ ಆ ಆದೇಶವನ್ನು ಬಿಟ್ಟುಬಿಡ್ತದೆ. ಅಡ್ರೆಸ್ ತನ್ನದಲ್ಲ ಅಂದ್ರೂ ಬಿಟ್ಟುಬಿಡ್ತದೆ. ಹಾಗಾಗಿ ಹತ್ತು ಇಂಜಿನ್ ಒಂದೇ ಹಳಿಯಲ್ಲಿದ್ದರೂ 3ನೇ ನಂಬರ್ ಮಾತ್ರ ಹೊರಡ್ತದೆ.

6/9
ದೊಡ್ಡ ಅಳತೆಯ ಮಾಡೆಲ್ ಯಾಕೆ ನಮಗೆ ಹತ್ತಿರ?

1968ರಲ್ಲಿ ನ್ಯೂರೆಂಬರ್ಗ್‌ನ ಲೇಮನ್ ಕಂಪನಿ ಎಲ್‌ಜಿಬಿ ಅನ್ನೋ ತೋಟದಲ್ಲಿ ಓಡಿಸುವ ರೈಲು ತಂದಿತು. ಹಳಿಗಳ ನಡುವೆ 45 ಮಿಲಿಮೀಟರ್, ಅಳತೆ 1:22.5. ಗುಣಿಸಿ ನೋಡಿ: 45 × 22.5 = 1012.5. ಅಂದ್ರೆ ಹೆಚ್ಚುಕಡಿಮೆ ಒಂದು ಮೀಟರ್! ಕ್ಯಾಸಲ್‌ರಾಕ್ ಘಟ್ಟ ಹತ್ತುತ್ತಿದ್ದ ಹಳೇ ಮೀಟರ್ ಗೇಜ್ ರೈಲಿನ ಮಾಡೆಲ್ ಮಾಡೋದಾದ್ರೆ ಈ ಹಳಿ ಸರಿಯಾಗಿ ಹೊಂದ್ತದೆ. ಕೊಂಕಣ ರೈಲ್ವೆಯ 1676 ಮಿಲಿಮೀಟರ್ ಬ್ರಾಡ್ ಗೇಜ್‌ಗೆ ಅದೇ ಅಳತೆಯಲ್ಲಿ 74.5 ಮಿಲಿಮೀಟರ್ ಹಳಿ ಬೇಕು.

ಶರಾವತಿ ಸೇತುವೆ? 1:22.5ರಲ್ಲಿ ಸುಮಾರು 92 ಮೀಟರ್. ಹೈಸ್ಕೂಲ್ ಮೈದಾನ ಬೇಕು ಮಾರಾಯ್ರೆ. ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂನಲ್ಲಿ ಬಳಸಿದ 1:87 ಅಳತೆಯಲ್ಲೂ ಸುಮಾರು 24 ಮೀಟರ್ ಆಗ್ತದೆ.

7/9
ಡಿಕೋಡರ್ ಕೂರಿಸೋದು. ಡಿಪ್ಲೊಮಾ, ಐಟಿಐ ಗೆಳೆಯರಿಗೆ ಇದು ಇಷ್ಟ ಆಗ್ತದೆ.

• ಮೊದಲು ಮೋಟರ್ ಎಷ್ಟು ಆಂಪ್ ಎಳೀತದೆ ನೋಡಿ. ಪೂರ್ತಿ ವೋಲ್ಟೇಜ್ ಕೊಟ್ಟು, ಒಂದು ಕ್ಷಣ ಚಕ್ರ ಹಿಡಿದು ನಿಲ್ಲಿಸಿ ಮೀಟರ್ ಓದಿ. ಡಿಕೋಡರ್ ಅದಕ್ಕಿಂತ ಹೆಚ್ಚು ತಾಳಬೇಕು. ಸಣ್ಣ ಮಾಡೆಲ್‌ಗೆ 1 ಆಂಪ್ ಸಾಕು. ಎರಡು ಮೋಟರಿನ ದೊಡ್ಡ ಇಂಜಿನ್‌ಗೆ 3ರಿಂದ 5 ಆಂಪ್ ತಾಳುವಂಥದ್ದು ಬೇಕು.

• ಎಲ್ಲಕ್ಕಿಂತ ಮುಖ್ಯ: ಮೋಟರ್‌ಗೂ ಹಳಿಗೂ ನೇರ ಸಂಪರ್ಕ ಎಲ್ಲೂ ಉಳಿಯಬಾರದು. ಹಳೇ ಇಂಜಿನ್‌ಗಳಲ್ಲಿ ಚಕ್ರದಿಂದ ಬರುವ ಪಟ್ಟಿ ಒಳಗೇ ಮೋಟರ್ ಬ್ರಶ್‌ಗೆ ತಾಗಿರ್ತದೆ. ಬಿಚ್ಚಿ, ಕತ್ತರಿಸಿ, ಮಲ್ಟಿಮೀಟರ್‌ನ ಬೀಪ್ ಬರೋದಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ಹಳಿಗೆ ಇಟ್ಟ ಕೂಡಲೇ ಡಿಕೋಡರ್ ಸುಡ್ತದೆ.

• ವಯರ್ ಬಣ್ಣಕ್ಕೂ ಸ್ಟ್ಯಾಂಡರ್ಡ್ ಉಂಟು. ಕೆಂಪು ಬಲ ಹಳಿ, ಕಪ್ಪು ಎಡ ಹಳಿ. ಕಿತ್ತಳೆ ಮತ್ತು ಬೂದು ಮೋಟರ್‌ಗೆ. ಬಿಳಿ ಮುಂದಿನ ದೀಪ, ಹಳದಿ ಹಿಂದಿನ ದೀಪ, ನೀಲಿ ದೀಪಗಳಿಗೆಲ್ಲ ಒಂದೇ ಪ್ಲಸ್.

• ಎಲ್‌ಇಡಿ ಆದರೆ ರೆಸಿಸ್ಟರ್ ಬೇಕೇ ಬೇಕು. 20 ವೋಲ್ಟ್‌ಗೆ 2.2 ಕಿಲೋಓಮ್ ಹಾಕಿದರೆ ಸುಮಾರು 8 ಮಿಲಿಆಂಪ್.

• ಬೆಸುಗೆ ಹಾಕಿದ ಜಾಗಕ್ಕೆಲ್ಲ ಹೀಟ್ ಶ್ರಿಂಕ್ ಟ್ಯೂಬ್. ಡಿಕೋಡರ್‌ಗೆ ಗಾಳಿ ಆಡಲಿಕ್ಕೆ ಜಾಗ ಬಿಡಿ, ಬಿಸಿ ಆಗ್ತದೆ.

• ಮೊದಲ ಪರೀಕ್ಷೆ ಪ್ರೋಗ್ರಾಮಿಂಗ್ ಹಳಿಯ ಮೇಲೆ. ಅಲ್ಲಿ ಕರೆಂಟ್ ಕಡಿಮೆ, ತಪ್ಪಿದ್ದರೂ ಸುಡೋದಿಲ್ಲ. ಹೊಸ ಡಿಕೋಡರಿನ ಅಡ್ರೆಸ್ ಸಾಮಾನ್ಯವಾಗಿ 3. ಅದು ಓದಲಿಕ್ಕೆ ಬಂದರೆ ವಯರಿಂಗ್ ಸರಿ ಇದೆ ಅಂತ. ಆಮೇಲೆ ನಿಮ್ಮ ಇಂಜಿನ್‌ಗೆ ನಿಮಗೆ ಬೇಕಾದ ನಂಬರ್ ಕೊಡಿ.

• ನಮ್ಮ ಉಪ್ಪು ಗಾಳಿಗೆ ಹಿತ್ತಾಳೆ ಹಳಿ ಬೇಗ ಕಪ್ಪಾಗ್ತದೆ. ಹಳಿ ಒರೆಸದಿದ್ದರೆ ಮಾತು ಅರ್ಧಕ್ಕೇ ನಿಲ್ತದೆ. ಡಿಕೋಡರ್ ಜೊತೆ ಒಂದು ಕೆಪಾಸಿಟರ್ ಇದ್ದರೆ ಕೊಳೆ ಜಾಗ ದಾಟುವಷ್ಟು ಜೀವ ಸಿಗ್ತದೆ.

8/9
ಈಗ ವಾಪಸ್ ದೊಡ್ಡ ಹಳಿಗೆ.

1999ರ ಆಗಸ್ಟ್ 2. ಪಶ್ಚಿಮ ಬಂಗಾಳದ ಗೈಸಾಲ್‌ನಲ್ಲಿ ಅವಧ್ ಅಸ್ಸಾಂ ಎಕ್ಸ್‌ಪ್ರೆಸ್ ಮತ್ತು ಬ್ರಹ್ಮಪುತ್ರ ಮೇಲ್ ಒಂದೇ ಹಳಿಗೆ ಬಂದು ಎದುರುಬದುರು ಡಿಕ್ಕಿಯಾದವು. 280ಕ್ಕೂ ಹೆಚ್ಚು ಜನ ಸತ್ತರು. ಎರಡೂ ಇಂಜಿನ್ ಹತ್ತಿರ ಹತ್ತಿರ ಬರ್ತಾ ಇದ್ದವು, ಒಂದಕ್ಕೊಂದು ಗೊತ್ತಿರಲಿಲ್ಲ. ಅನುಮತಿ ಹಳಿಗೆ, ಇಂಜಿನ್‌ಗೆ ಕಿವಿ ಇಲ್ಲ ಅಂತ ಎರಡನೇ ಭಾಗದಲ್ಲಿ ಹೇಳಿದ್ದರ ಬೆಲೆ ಇದು.

ಇದಾದ ಮೇಲೆ ನಮ್ಮ ಕೊಂಕಣ ರೈಲ್ವೆಯೇ ಒಂದು ಪೆಟ್ಟಿಗೆ ಮಾಡಿತು. ಆಗಿನ ವ್ಯವಸ್ಥಾಪಕ ನಿರ್ದೇಶಕ ಬಿ. ರಾಜಾರಾಂ ಅವರ ಯೋಜನೆ, ಹೆಸರು ‘ರಕ್ಷಾ ಕವಚ’. ಇಂಜಿನ್‌ನಲ್ಲಿ ಒಂದು, ಗಾರ್ಡ್ ಹತ್ತಿರ ಒಂದು, ಸ್ಟೇಷನ್‌ನಲ್ಲಿ, ಗೇಟ್‌ನಲ್ಲಿ ಒಂದೊಂದು. ಜಿಪಿಎಸ್‌ನಿಂದ ತಾನೆಲ್ಲಿದ್ದೇನೆ ಅಂತ ತಿಳಿದು, ರೇಡಿಯೋದಿಂದ ಸುಮಾರು 3 ಕಿಲೋಮೀಟರ್ ಒಳಗಿನ ಬೇರೆ ಪೆಟ್ಟಿಗೆಗಳ ಜೊತೆ ಮಾತಾಡ್ತದೆ. ಅಪಾಯ ಕಂಡರೆ ತಾನೇ ಬ್ರೇಕ್ ಹಾಕ್ತದೆ. ಕೊಂಕಣ ರೈಲ್ವೆಯಲ್ಲೂ ಈಶಾನ್ಯ ಗಡಿ ರೈಲ್ವೆಯಲ್ಲೂ ಹಾಕಿ ನೋಡಿದರು.

ತೊಡಕು ಎಲ್ಲಿ? ಪಕ್ಕಪಕ್ಕದ ಹಳಿಗಳ ನಡುವೆ ಇರೋದು ಕೆಲವೇ ಮೀಟರ್. ಯಾವ ಹಳಿ ಅಂತ ಜಿಪಿಎಸ್‌ನಿಂದ ಖಚಿತವಾಗಿ ಹೇಳೋದು ಕಷ್ಟ. ಬೇಡದ ಜಾಗದಲ್ಲಿ ಬ್ರೇಕ್ ಬಿದ್ದರೆ ಅದೂ ತೊಂದರೆ. ಸಿಗ್ನಲ್ ಜೊತೆ ಪೂರ್ತಿ ಜೋಡಣೆಯೂ ಇರಲಿಲ್ಲ. ದೇಶದ ಎಲ್ಲ ಕಡೆ ಅದು ಹರಡಲಿಲ್ಲ.

ಅದರ ನಂತರ ಬಂದದ್ದು ಈಗ ಸುದ್ದಿಯಲ್ಲಿರುವ ‘ಕವಚ’. ಇದರ ಮೊದಲ ಪ್ರಯೋಗದ ದಾರಿ ಲಿಂಗಂಪಳ್ಳಿ, ವಿಕಾರಾಬಾದ್, ವಾಡಿ ಮತ್ತು ಬೀದರ್. ವಾಡಿ, ಬೀದರ್ ಎರಡೂ ನಮ್ಮ ಕರ್ನಾಟಕದವೇ! ಇದರಲ್ಲಿ ಹಳಿಗೇ ಆರ್‌ಎಫ್‌ಐಡಿ ಟ್ಯಾಗ್ ಕೂರಿಸ್ತಾರೆ. ಅದರ ಮೇಲೆ ಹೋಗುವಾಗ ಇಂಜಿನ್ ಟ್ಯಾಗ್ ಓದಿ, ಯಾವ ಹಳಿ, ಯಾವ ಜಾಗ ಅಂತ ತಿಳ್ಕೊಳ್ತದೆ. ಸಿಗ್ನಲ್ ಏನಿದೆ ಅನ್ನೋದು ರೇಡಿಯೋದಲ್ಲಿ ಬರ್ತದೆ. 2020ರಲ್ಲಿ ಇದನ್ನೇ ರಾಷ್ಟ್ರೀಯ ವ್ಯವಸ್ಥೆ ಅಂತ ಒಪ್ಪಿದರು. ಬೇರೆ ಬೇರೆ ಕಂಪನಿ ತಯಾರಿಸಿದ ಪೆಟ್ಟಿಗೆಗಳೂ ಒಂದೇ ಭಾಷೆ ಆಡಬೇಕು ಅನ್ನೋದು ಇದರ ನಿಯಮ. ನಾಲ್ಕನೇ ಭಾಗ ನೆನಪಾಯ್ತಾ?

ಇನ್ನೊಂದು ಹೋಲಿಕೆ. 2022ರ ಜೂನ್ 20ರಂದು ಕೊಂಕಣ ರೈಲ್ವೆಯ ಪೂರ್ತಿ ವಿದ್ಯುದೀಕರಣ ಲೋಕಾರ್ಪಣೆ ಆಯ್ತು. ಈಗಿನ ತ್ರೀ ಫೇಸ್ ಎಲೆಕ್ಟ್ರಿಕ್ ಇಂಜಿನ್‌ನಲ್ಲಿ ಕರೆಂಟನ್ನು ಬೇಗ ಬೇಗ ಆನ್ ಆಫ್ ಮಾಡಿ ಮೋಟರಿನ ವೇಗ ನಿಯಂತ್ರಿಸ್ತಾರೆ. ನಿಮ್ಮ ಡಿಕೋಡರ್ ಮಾಡೋದೂ ಇದೇ ಕೆಲಸ, ಅಂಗೈಯಷ್ಟು ಗಾತ್ರದಲ್ಲಿ.

9/9
ಕೊನೆಯ ಮಾತು. ಪೆಟ್ಟಿಗೆ ಬಂದ ಮೇಲೆ ಎಲ್ಲ ಸರಿ ಹೋಯ್ತಾ?

2003ರ ಜೂನ್ 22. ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿ ಹತ್ತಿರ ಗುಡ್ಡ ಕುಸಿದ ಜಾಗದಲ್ಲಿ ಹಳಿ ತಪ್ಪಿತು. 50ಕ್ಕೂ ಹೆಚ್ಚು ಜನ ಹೋದರು. ಮರುವರ್ಷ 2004ರ ಜೂನ್ 16ರಂದು ಕರಂಜಾಡಿ ಹತ್ತಿರ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಬಂಡೆಗೆ ಬಡಿಯಿತು. ನಮ್ಮ ಕರಾವಳಿಯ ಜನ ಕೂತಿದ್ದ ರೈಲುಗಳು ಇವು. ಪೆಟ್ಟಿಗೆ ಇನ್ನೊಂದು ಪೆಟ್ಟಿಗೆಯ ಜೊತೆ ಮಾತ್ರ ಮಾತಾಡ್ತದೆ. ಗುಡ್ಡದಲ್ಲಿ ಪೆಟ್ಟಿಗೆ ಇಲ್ಲ.

ಅದಕ್ಕೇ ಕೊಂಕಣ ರೈಲ್ವೆಯಲ್ಲಿ ಮಳೆಗಾಲಕ್ಕೆ ಬೇರೆ ಟೈಮ್‌ಟೇಬಲ್. ಜೋರು ಮಳೆ ಬಂದು ಮುಂದೆ ಕಾಣದಿದ್ದರೆ ವೇಗ 40 ಕಿಲೋಮೀಟರ್‌ಗೆ ಇಳಿಸಬೇಕು. ಗುಡ್ಡಗಳಿಗೆ ಉಕ್ಕಿನ ಬಲೆ. ಭಟ್ಕಳ ಸ್ಟೇಷನ್‌ನಲ್ಲಿ ತಾನೇ ಬರೆದುಕೊಳ್ಳುವ ಮಳೆ ಮಾಪಕ. ಶರಾವತಿ ಸೇತುವೆ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರ. ಇವೆಲ್ಲದರ ಜೊತೆ, ರಾತ್ರಿ ಮಳೆಯಲ್ಲಿ ಟಾರ್ಚ್ ಹಿಡಿದು ಹಳಿ ಉದ್ದಕ್ಕೂ ನಡೆಯುವ ಕಾವಲಿನವರು. ತುರ್ತು ಸುದ್ದಿ ಹೇಳಲಿಕ್ಕೆ ಸರಾಸರಿ ಕಿಲೋಮೀಟರಿಗೊಂದು ಫೋನ್ ಸಾಕೆಟ್ ಉಂಟು. ಗುಡ್ಡ ಹೇಳುವುದನ್ನು ಕೇಳಿಸಿಕೊಂಡು ಇಂಜಿನ್‌ಗೆ ಮುಟ್ಟಿಸುವವರು ಇವರೇ.

ನಮ್ಮ ಕ್ಲಾಸಿನಲ್ಲಿ ಎಲೆಕ್ಟ್ರಾನಿಕ್ಸ್ ಓದ್ತಾ ಇರುವವರೇ, ಮುಂದಿನ ಕೆಲಸ ಇಲ್ಲಿದೆ ನೋಡಿ. ಇಂಜಿನ್‌ಗೆ ಕಿವಿ ಬಂದಾಯ್ತು. ಮಣ್ಣು ಜಾರುವ ಮೊದಲು ಗುಡ್ಡದಿಂದಲೂ ಒಂದು ಆದೇಶ ಹೊರಡೋ ಹಾಗೆ ಮಾಡಬೇಕು. ಎರಡು ಸೆನ್ಸರ್, ಒಂದು ರೇಡಿಯೋ, ತಪಾಸಣೆಯ ಒಂದು ಸಾಲು ಅಂತ ಸಣ್ಣದಾಗಿ ಮಾಡೆಲ್ ಹಳಿ ಮೇಲೆಯೇ ಶುರು ಮಾಡಬಹುದು. ಯಾರಿಗೆ ಆಸಕ್ತಿ ಉಂಟು, ಕಮೆಂಟ್‌ನಲ್ಲಿ ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ಮಳೆಗಾಲದ ಹಳಿ ಕಾವಲು ಮಾಡಿದ್ದರೆ ಅವರ ಅನುಭವ ಕೇಳಿ ಬರೆಯಿರಿ, ಮುಂದಿನ ಪೋಸ್ಟ್ ಅವರ ಬಗ್ಗೆಯೇ.

#ಕೊಂಕಣರೈಲ್ವೆ #ಹೊನ್ನಾವರ #ಕುಮಟಾ #ಭಟ್ಕಳ #ಶರಾವತಿ #ಮಾಡೆಲ್‌ರೈಲು #ಡಿಸಿಸಿ #ಕವಚ #ರೈಲುಇತಿಹಾಸ