ಅಪರಾಧಪ್ರಜ್ಞೆ ಮತ್ತು ಮೆದುಳು: ಬೆಂಗಳೂರಿನಲ್ಲಿ ಅಧ್ಯಯನದ ಇತಿಹಾಸ

ತನ್ನಿಂದ ತಪ್ಪಾಯಿತು, ಅದರಿಂದ ಇನ್ನೊಬ್ಬರಿಗೆ ನೋವಾಯಿತು ಎಂದು ಮನಸ್ಸನ್ನು ಚುಚ್ಚುವ ಭಾವನೆಯೇ ಅಪರಾಧಪ್ರಜ್ಞೆ. ತಪ್ಪಿತಸ್ಥ ಭಾವನೆ, ಪಾಪಪ್ರಜ್ಞೆ ಎಂಬ ಹೆಸರುಗಳೂ ಬಳಕೆಯಲ್ಲಿವೆ. ನಾಚಿಕೆ ಹೆಚ್ಚಾಗಿ ನಾಲ್ಕು ಜನರ ಕಣ್ಣಿಗೆ ಅಂಜುತ್ತದೆ. ಅಪರಾಧಪ್ರಜ್ಞೆ ಯಾರೂ ಕಾಣದಿದ್ದರೂ ಕಾಡುತ್ತದೆ. ಅತಿಯಾದರೆ ಅದು ಖಿನ್ನತೆ ಮತ್ತು ಗೀಳುರೋಗದ ಲಕ್ಷಣವೂ ಹೌದು. ಮೆದುಳಿನೊಡನೆ ಇದಕ್ಕಿರುವ ನಂಟನ್ನು ಅರಸಿದ ಚರಿತ್ರೆಯ ಒಂದು ಎಳೆ ಜಯನಗರ, ಬಿಟಿಎಂ ಬಡಾವಣೆಗಳಿಗೆ ಹತ್ತಿರದ ಹೊಸೂರು ರಸ್ತೆಯಲ್ಲಿರುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್‌ನ ಆವರಣದಲ್ಲಿ ಸಿಗುತ್ತದೆ.

ಶಸ್ತ್ರಚಿಕಿತ್ಸೆಯ ಕಾಲ

1848ರಲ್ಲಿ ಅಮೆರಿಕದ ರೈಲುಮಾರ್ಗದ ಮೇಸ್ತ್ರಿ ಫಿನಿಯಾಸ್ ಗೇಜ್‌ನ ತಲೆಯನ್ನು ಕಬ್ಬಿಣದ ಸಲಾಕೆ ತೂರಿಹೋಯಿತು. ಜೀವ ಉಳಿಯಿತು, ಸ್ವಭಾವ ಬದಲಾಯಿತು. ಹಣೆಯ ಹಿಂದಿನ ಮುಂಹಾಲೆಗೂ ನಡತೆಗೂ ಸಂಬಂಧವಿದೆ ಎಂಬ ಚರ್ಚೆಗೆ ಈ ಪ್ರಕರಣ ಆಧಾರವಾಯಿತು. 1935ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್, ಮುಂಹಾಲೆಯ ನರತಂತುಗಳನ್ನು ಕತ್ತರಿಸಿ ತೀವ್ರ ಆತಂಕವನ್ನು ತಗ್ಗಿಸುವ ಲ್ಯೂಕಾಟಮಿಯನ್ನು ಆರಂಭಿಸಿದ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಎಂ. ವಿ. ಗೋವಿಂದಸ್ವಾಮಿ ಮತ್ತು ಶಸ್ತ್ರವೈದ್ಯ ಬಿ. ಎನ್. ಬಾಲಕೃಷ್ಣ ರಾವ್ ಭಾರತೀಯ ರೋಗಿಗಳಲ್ಲಿ ಈ ಚಿಕಿತ್ಸೆಯ ಅನುಭವವನ್ನು 1944ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಲ್ಯೂಕಾಟಮಿಯಾದವರಲ್ಲಿ ಹಲವರು ಕೊರಗುವುದನ್ನು ಬಿಟ್ಟರು. ಜೊತೆಗೆ ಇತರರ ಬಗೆಗಿನ ಕಾಳಜಿಯನ್ನೂ ಕಳೆದುಕೊಂಡರು ಎಂಬುದು ಜಗತ್ತಿನ ಹಲವೆಡೆ ಕಂಡುಬಂತು. 1950ರ ದಶಕದಲ್ಲಿ ಔಷಧಿಗಳು ಬಂದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು.

ರೋಗಿಯ ಮಾತು

ಬೆಂಗಳೂರಿನ ಈ ಮಾನಸಿಕ ಆಸ್ಪತ್ರೆಯ ಜೊತೆಗೆ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು; 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇಲ್ಲಿನ ಆರ್. ರಘುರಾಮ್, ಎಸ್. ಎಂ. ಚನ್ನಬಸವಣ್ಣ ಮತ್ತು ವಿದೇಶಿ ಸಹೋದ್ಯೋಗಿಗಳು 80 ಹೊರರೋಗಿಗಳನ್ನು ಸಂದರ್ಶಿಸಿ 1996ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೈಕೈ ನೋವನ್ನು ಹೇಳಿಕೊಳ್ಳಲು ರೋಗಿಗಳಿಗೆ ಅಷ್ಟು ಹಿಂಜರಿಕೆಯಿರಲಿಲ್ಲ, ಅದು ಯಾರಿಗಾದರೂ ಬರುವಂಥದ್ದು. ಮನಸ್ಸಿನ ಬೇಗುದಿಗೆ ಮಾತ್ರ ಕಳಂಕ ಅಂಟುತ್ತದೆಂಬ ಅಳುಕಿತ್ತು. ಅಪರಾಧಪ್ರಜ್ಞೆಯಂತಹ ಒಳಮಾತು ಕೇಳಿದರಷ್ಟೇ ಹೊರಬರುತ್ತದೆ ಎಂಬ ವೈದ್ಯರ ಅನುಭವಕ್ಕೆ ಇದು ಹೊಂದುತ್ತದೆ.

ಸ್ಕ್ಯಾನಿಂಗ್ ಯುಗ

ಮೆದುಳಿನ ಚಿತ್ರಣ ಬಂದ ಮೇಲೆ ಕತ್ತರಿಸದೆ ನೋಡುವುದು ಸಾಧ್ಯವಾಯಿತು. ಎಳವೆಯಲ್ಲೇ ಮುಂಹಾಲೆಗೆ ಪೆಟ್ಟಾದ ಇಬ್ಬರು ಬೆಳೆದ ಮೇಲೂ ತಪ್ಪಿಗೆ ಮರುಗುತ್ತಿರಲಿಲ್ಲ ಎಂದು 1999ರಲ್ಲಿ ಅಮೆರಿಕದ ಸಂಶೋಧಕರು ವರದಿ ಮಾಡಿದರು. 2004ರಲ್ಲಿ ಜಪಾನಿನ ಅಧ್ಯಯನವೊಂದು, ತಪ್ಪಿನ ಸಂದರ್ಭಗಳನ್ನು ಓದುವಾಗ ಮುಂಹಾಲೆಯ ಒಳಮಗ್ಗುಲು ಚುರುಕಾಗುವುದನ್ನು ತೋರಿಸಿತು. ರಚನೆಯ ಕುರಿತು ನೇರ ಸುಳಿವು ಸಿಕ್ಕಿದ್ದು 2015ರಲ್ಲಿ: ಶಾಲೆ ಸೇರುವ ಮುನ್ನವೇ ವಿಪರೀತ ಅಪರಾಧಪ್ರಜ್ಞೆ ಕಂಡ ಮಕ್ಕಳಲ್ಲಿ, ಮೆದುಳಿನ ಮಡಿಕೆಯೊಳಗೆ ಅಡಗಿರುವ ಇನ್ಸುಲಾದ ಮುಂಭಾಗದ ಗಾತ್ರ ಕಿರಿದಾಗಿತ್ತು. ಗೀಳುರೋಗಿಗಳ ಮೆದುಳಿನ ಆಳದ ಭಾಗಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ನಿಮ್ಹಾನ್ಸ್ ಕೂಡ ಪಾಲ್ಗೊಂಡಿತ್ತು. ಅಲ್ಲಿ ಅಳೆದದ್ದು ರೋಗದ ಗುರುತನ್ನು, ಅಪರಾಧಪ್ರಜ್ಞೆಯನ್ನಲ್ಲ.

ಮಿತಿಗಳು

ಗಾತ್ರದ ವ್ಯತ್ಯಾಸ ಕಾರಣವೋ ಪರಿಣಾಮವೋ ಎಂಬುದು ಇಂತಹ ಅಳತೆಯಿಂದಷ್ಟೇ ತೀರ್ಮಾನವಾಗದು. ಅಪರಾಧಪ್ರಜ್ಞೆಗೆಂದೇ ಮೀಸಲಾದ ಗೂಡೂ ಮೆದುಳಿನಲ್ಲಿ ಕಂಡಿಲ್ಲ. ನೆನಪು, ಸಹಾನುಭೂತಿ, ಸರಿತಪ್ಪಿನ ಲೆಕ್ಕಾಚಾರಗಳ ಜಾಲಗಳೇ ಇಲ್ಲಿಯೂ ದುಡಿಯುತ್ತವೆ. 1995ರಲ್ಲಿ ಎಸ್. ಕೆ. ಶಂಕರ್ ಅವರ ಮುಂದಾಳತ್ವದಲ್ಲಿ ನಿಮ್ಹಾನ್ಸ್‌ನಲ್ಲಿ ಮೆದುಳು ಬ್ಯಾಂಕ್ ಆರಂಭವಾಯಿತು; ಇಲ್ಲಿನ ಮೆದುಳು ವಸ್ತುಸಂಗ್ರಹಾಲಯದಲ್ಲಿ ಗೆಡ್ಡೆಯನ್ನೂ ರಕ್ತಸ್ರಾವವನ್ನೂ ಬರಿಗಣ್ಣಿಗೆ ತೋರಿಸಬಹುದು. ಪಶ್ಚಾತ್ತಾಪದ ಗುರುತನ್ನು ತೋರಿಸಲಾಗದು. ಆದ್ದರಿಂದಲೇ ಸ್ಕ್ಯಾನ್ ಬಂದರೂ ರೋಗಿಯನ್ನು ಕೂರಿಸಿಕೊಂಡು ಕೇಳುವ ಪದ್ಧತಿ ಇಂದಿಗೂ ನಿಂತಿಲ್ಲ.